ಮಲಗಿಸಿದ ಕಬ್ಬಿಣ

ಹೊಸ ಜೀನ್ಸ್ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಗಂಜಿ, ನೀಲಿ ಬಣ್ಣ, ಅದಕ್ಕೆ ಒಂದಿಷ್ಟು ಮಿಷಿನ್ ಎಣ್ಣೆ ಸೇರಿದ ವಾಸನೆ. ರಾಯದುರ್ಗದಲ್ಲಿ ಹುಟ್ಟಿ ಬೆಳೆದವರಿಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಮಡಕಶಿರಾದಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿ ಅಲ್ಲೇ ನೆಲೆಯಾದ ಮೇಲೆ ನನಗೂ ಮರೆತುಹೋಗಿತ್ತು. ಹೋದ ತಿಂಗಳು ಅವ್ವನನ್ನು ನೋಡಲು ಊರಿಗೆ ಹೋಗಿದ್ದೆ. ಇಬ್ಬರೂ ಸಂತೆಗೆ ಹೊರಟಾಗ, ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಹಳೆಯ ಹೊಲಿಗೆ ಯೂನಿಟ್ಟಿನ ಕಟ್ಟಡವನ್ನು ಕೆಡವುತ್ತಿದ್ದರು. ಬಾಗಿಲು ಕಿತ್ತ ಜಾಗದಿಂದ ಅದೇ ವಾಸನೆ ಬಂತು. ಮಿಷಿನ್‌ಗಳು ಹೋಗಿ ಅದೆಷ್ಟೋ ಕಾಲವಾಗಿದ್ದರೂ ಗೋಡೆಗಳು ಅದನ್ನು ಬಿಟ್ಟಿರಲಿಲ್ಲ.

ನಾನು ನಿಂತುಬಿಟ್ಟೆ. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು, "ನಡಿಯವ್ವ, ಧೂಳು ಭಾಳ ಐತಿ" ಅಂದಳು. ಮಾಳಿಗೆ ಇದ್ದ ಕಡೆಗೆ ತಲೆ ಎತ್ತಿಯೂ ನೋಡಲಿಲ್ಲ. ಆ ಮಾಳಿಗೆಯ ಮೇಲೆ ಕೂತು ಹೊಲಿದು ಅವಳು ನನ್ನನ್ನು ಓದಿಸಿದವಳು. ಅಲ್ಲಿಂದ ಅವಳನ್ನು ಇಳಿಸಿದವರು ನನ್ನ ಸರ್…

ಸರ್ ನಮಗೆ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕ್ಸ್ ಹೇಳುತ್ತಿದ್ದರು. ಅಮರಾಪುರದ ಕಡೆಯವರು. ಆಗ ಒಂದೇ ಜಿಲ್ಲೆಯಾಗಿದ್ದರೂ ಅವರ ಕನ್ನಡ ಒಂದು, ನಮ್ಮದು ಇನ್ನೊಂದು. ನಾವು "ಇಡ್ರಿ" ಅನ್ನುವಲ್ಲಿ ಅವರು "ಮಡಗಿ" ಅನ್ನುವರು. ನಾವು "ಮ್ಯಾಲ" ಅಂದರೆ ಅವರು "ಮ್ಯಾಕೆ". ಅವರು ಬೋರ್ಡಿನ ಕಡೆ ತಿರುಗಿದೊಡನೆ ಹಿಂದಿನ ಬೆಂಚಿನಲ್ಲಿ "ಮಡಗಿ, ಮಡಗಿ" ಎಂದು ಪಿಸುಗುಟ್ಟಿ ನಗುತ್ತಿದ್ದರು. ಸರ್‌ಗೆ ಕೇಳಿಸುತ್ತಿತ್ತು. ಸೊಪ್ಪು ಹಾಕುತ್ತಿರಲಿಲ್ಲ. ಒಲ್ಲದ ಮನಸ್ಸಿನಿಂದ ಓದಲು ಬಂದ ನಮ್ಮಂಥವರ ತಲೆಗೆ ಒಂದು ವಿಷಯ ಇಳಿಯುವ ತನಕ ಬಿಡದ ಹಠ ಅವರದು. ಆ ಹಠವೇ ಮುಂದೆ ಅವರಿಗೆ ಮುಳುವಾಯಿತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಮೊಮೆಂಟ್ ಆಫ್ ಇನರ್ಷಿಯಾ ಎಂಬ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಸಿದರು. ಎರಡು ಡೆಸ್ಕುಗಳ ನಡುವೆ ಒಂದು ಮರದ ಸ್ಕೇಲನ್ನು ಅಗಲವಾಗಿ ಮಲಗಿಸಿ, ನಡುವೆ ಬೆರಳಿನಿಂದ ಒತ್ತಿದರು. ಬಗ್ಗಿತು. ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದುಕೊಂಡು ಒತ್ತಿದರು. ಅಲುಗಲಿಲ್ಲ.

"ತೂಕ ಏನಾರ ಹೆಚ್ಚಾಯ್ತೇನಮ್ಮ?" ಎಂದು ನನ್ನನ್ನೇ ಕೇಳಿದರು.

"ಇಲ್ಲ ಸರ್."

"ಮತ್ತೆ ಯಾಕೆ ಬಗ್ಗಲಿಲ್ಲ? ಮೂಲಂಗಿ ಹೆಚ್ಚಿದಂಗೆ ಈ ಸ್ಕೇಲನ್ನ ಅಡ್ಡಕ್ಕೆ ಹೆಚ್ಚಿ, ಆ ಹೆಚ್ಚಿದ ಮುಖ ನೋಡ್ಕಳಿ. ಅದು ಮಲಗೈತೋ, ನಿಂತೈತೋ, ಅಷ್ಟೇ ಲೆಕ್ಕ. ಇದಕ್ಕೆ ತೂಕದ ಹಂಗಿಲ್ಲ."

ಆಮೇಲೆ ನಮ್ಮನ್ನೆಲ್ಲ ಮೈದಾನದ ಆಚೆಯ ಟೈಲರ್ ಅಂಗಡಿಗೆ ಕರೆದುಕೊಂಡು ಹೋದರು. ಕಾಲಿನಿಂದ ತುಳಿಯುವ ಹಳೇ ಮಿಷಿನ್ ಇತ್ತು. ಜೋರಾಗಿ ತುಳಿದು ಕಾಲು ತೆಗೆಯಲು ಟೈಲರ್‌ಗೆ ಹೇಳಿದರು. ಕೆಳಗಿನ ದೊಡ್ಡ ಚಕ್ರ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು. ಇಲ್ಲಿ ತೂಕ ಬೇಕು, ಆ ತೂಕ ಅಚ್ಚಿನಿಂದ ದೂರ, ಅಂಚಿನಲ್ಲಿ ಇರಬೇಕು, ಆಗ ಚಕ್ರ ಹೊರಡುವುದೂ ಕಷ್ಟ, ನಿಲ್ಲುವುದೂ ಕಷ್ಟ ಎಂದರು. ಎರಡಕ್ಕೂ ಪುಸ್ತಕದಲ್ಲಿ ಒಂದೇ ಹೆಸರು, ಒಂದೇ ಅಕ್ಷರ. ಒಂದಕ್ಕೆ ಏರಿಯಾ ಎಂದು, ಇನ್ನೊಂದಕ್ಕೆ ಮಾಸ್ ಎಂದು ಮುಂದೆ ಸೇರಿಸುತ್ತಾರೆ, ಅಷ್ಟೇ.

"ಒಬ್ಬ ಬಗ್ಗಾಕೆ ಒಲ್ಲೆ ಅಂತಾನೆ, ಇನ್ನೊಬ್ಬ ತಿರುಗಾಕೆ ಒಲ್ಲೆ ಅಂತಾನೆ. ಒಬ್ಬನ್ನ ಕೇಳೋ ಕಡೆ ಇನ್ನೊಬ್ಬನ್ನ ಕೇಳಿದ್ರೆ ಮನೆ ಬೀಳ್ತದೆ" ಎಂದು ನಕ್ಕರು. ನಾವೂ ನಕ್ಕೆವು.

ಅದೇ ವಾರ ಇನ್ನೊಂದು ಪಾಠ ಆಯಿತು. ನನ್ನ ತಲೆಯ ಪಿನ್ನು ಕೇಳಿ ಈಸಿಕೊಂಡರು. ತುಸು ಅಗಲಿಸಿ ಬಿಟ್ಟರೆ ಮೊದಲಿನಂತಾಯಿತು. ಜೋರಾಗಿ ಅಗಲಿಸಿದರು, ಸೊಟ್ಟಗೆ ಹಾಗೇ ಉಳಿಯಿತು. "ಹೊರೆ ಇಳಿಸಿದ್ ಮ್ಯಾಕೆ ನೆಟ್ಟಗಾದ್ರೆ ಕಬ್ಬಿಣ ತಡಕಂಡೈತೆ ಅಂತ. ನೆಟ್ಟಗಾಗ್ಲಿಲ್ಲ ಅಂದ್ರೆ ಅದರ ತಾಳಿಕೆ ದಾಟೈತೆ ಅಂತ" ಅಂದರು. ನನಗೆ ಆಗಲೂ ಈಗಲೂ ಕೋಪ ಮೂಗಿನ ತುದಿಯಲ್ಲೇ. "ಪಾಠ ಆತು ಸರ್, ನನ್ನ ಪಿನ್ನು?" ಎಂದು ಎದ್ದು ಕೇಳಿದೆ. ಮರುದಿನ, ರಟ್ಟಿಗೆ ಸಿಕ್ಕಿಸಿ ಮಾರುವ ಒಂದು ಇಡೀ ಅಟ್ಟೆ ಪಿನ್ನು ತಂದು ಎಲ್ಲರೆದುರಿಗೆ ನನ್ನ ಡೆಸ್ಕಿನ ಮೇಲೆ "ಮಡಗಿ" ಹೋದರು. ವರ್ಷವಿಡೀ ಹುಡುಗರು ನನ್ನನ್ನು ಪಿನ್ನಿನ ಅಟ್ಟೆ ಎಂದೇ ಕರೆದರು.

ಅವ್ವ ಹೊಲಿಯುತ್ತಿದ್ದ ಯೂನಿಟ್ಟಿಗೆ ಸರ್ ಬಂದದ್ದು ತೀರ ಸಣ್ಣ ಕೆಲಸಕ್ಕೆ. ಹೊಸ ಪ್ಯಾಂಟು ಉದ್ದವಾಗಿತ್ತು, ಕೆಳಗೆ ಮಡಚಿ ಹೊಲಿಸಬೇಕಿತ್ತು. ನಾನೇ, ಅವ್ವ ಹೊಲಿದುಕೊಡುತ್ತಾಳೆ ಬರ್ರಿ ಎಂದು ಕರೆದುಕೊಂಡು ಹೋದೆ. ಕೆಳಗಿನ ಹಾಲಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಮಾಳಿಗೆಯಲ್ಲಿ ಸಾಲು ಸಾಲು ಹೆಂಗಸರು ಮೋಟಾರು ಮಿಷಿನ್‌ಗಳ ಮುಂದೆ ಕೂತು ಹೊಲಿಯುತ್ತಿದ್ದರು. ನಡುವಿನ ಸಾಲು ಅವ್ವನದು. ಅವರ ಬೆನ್ನ ಹಿಂದೆ ಪ್ಯಾಂಟುಗಳ ಬಂಡಲ್‌ಗಳನ್ನು ಆಳೆತ್ತರ ಪೇರಿಸಿರುತ್ತಿದ್ದರು. ಯೂನಿಟ್ಟಿನ ಸಾಹುಕಾರರು ಸರ್‌ಗೆ ಕೆಳಗೇ ಕುರ್ಚಿ ಹಾಕಿಸಿ ಚಹಾ ತರಿಸಿದರು. ಮೇಲೆ ಎಲ್ಲ ಮಿಷಿನ್‌ಗಳೂ ಒಟ್ಟಿಗೆ ಓಡಿದಾಗ ಗ್ಲಾಸಿನಲ್ಲಿ ಚಹಾ ನಡುಗಿತು. ಅದು ದಿನವೂ ನಡುಗುತ್ತಿತ್ತು, ನಮಗದು ವಿಶೇಷವಲ್ಲ. ಸರ್ ಮಾತ್ರ ಗ್ಲಾಸು ಕೆಳಗಿಟ್ಟು ತಲೆ ಎತ್ತಿ ನೋಡಿದರು.

ನಮ್ಮ ಕಡೆ ಮಾಳಿಗೆಗೆ ಬಂಡೆ, ಎಂದರೆ ಕಲ್ಲಿನ ಚಪ್ಪಡಿ, ಹಾಸುವುದು ಹಳೆಯ ಪದ್ಧತಿ. ಮೊದಲೆಲ್ಲ ಕಲ್ಲಿನ ತೊಲೆ ಇಟ್ಟು ಅದರ ಮೇಲೆ ಕಲ್ಲಿನ ಬಂಡೆ ಹಾಸುತ್ತಿದ್ದರು. ಎರಡು ಬಂಡೆಗಳ ತುದಿ ಒಂದೇ ತೊಲೆಯ ಮೇಲೆ ಕೂಡಬೇಕಾದ್ದರಿಂದ ತೊಲೆಯ ಅಗಲದ ಮುಖ ಮೇಲಿರಬೇಕು ಎಂಬುದು ಮೇಸ್ತ್ರಿಗಳು ಅಪ್ಪನಿಂದ ಕಲಿತ ಮಾತು. ಆಮೇಲೆ ಕಲ್ಲಿನ ತೊಲೆಯ ಬದಲಿಗೆ ಕಬ್ಬಿಣದ ಚಾನೆಲ್‌ಗಳು ಬಂದವು, ಒಂದು ಮಗ್ಗುಲು ತೆರೆದ ಪೆಟ್ಟಿಗೆಯಂಥ ಉದ್ದನೆಯ ಕಬ್ಬಿಣ. ಈ ಮಾಳಿಗೆ ಕಟ್ಟಿದ ಮೇಸ್ತ್ರಿ ಕಬ್ಬಿಣಕ್ಕೂ ಕಲ್ಲಿನ ಮಾತನ್ನೇ ಅನ್ವಯಿಸಿದ್ದ. ಚಾನೆಲ್‌ಗಳನ್ನು ನಿಲ್ಲಿಸದೆ, ಬೋರಲು ಮಲಗಿಸಿ, ಅಗಲವಾದ ಬೆನ್ನನ್ನು ಮೇಲೆ ಮಾಡಿ, ಅದರ ಮೇಲೆ ಬಂಡೆ ಕೂರಿಸಿದ್ದ.

ಸರ್ ಪ್ಯಾಂಟಿನ ವಿಷಯವನ್ನೇ ಮರೆತರು. ಕತ್ತರಿಸುವವರ ಮೇಜಿನಿಂದ ಜೀನ್ಸ್ ಹೊಲಿಯುವ ಕಿತ್ತಳೆ ಬಣ್ಣದ ದಾರ ಈಸಿಕೊಂಡು, ಒಂದು ತುದಿ ನನ್ನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಹತ್ತಿಸಿದರು. ಆ ಗೋಡೆಯಿಂದ ಈ ಗೋಡೆಗೆ, ಚಾನೆಲ್ಲಿನ ಕೆಳ ಅಂಚಿಗೆ ಸರಿಯಾಗಿ ಅದರ ಮಗ್ಗುಲಲ್ಲೇ ದಾರ ಬಿಗಿಯಾಗಿ ಎಳೆದು ಹಿಡಿದೆವು. ನಡುವೆ ಬರುವಷ್ಟರಲ್ಲಿ ಕಬ್ಬಿಣ ದಾರಕ್ಕಿಂತ ಮೂರು ಬೆರಳು ಕೆಳಗಿಳಿದಿತ್ತು.

"ಸಾಹುಕಾರ್ರೆ, ಇದನ್ನ ನಿಲ್ಲಿಸಿ ಹಾಕಬೇಕಿತ್ತು" ಅಂದರು.

ಸಾಹುಕಾರರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಹೆರಿಗೆ ಎಂದರೂ ತಮ್ಮ ಗಾಡಿ ಕಳಿಸುತ್ತಿದ್ದರು. ಆದರೆ ಕೆಲಸದವರ ಮುಂದೆ ಹೀಗಂದದ್ದು ಅವರಿಗೆ ಹಿಡಿಸಲಿಲ್ಲ. "ಎಂಥಾ ದಪ್ಪನ ಕಬ್ಬಿಣ ಹಾಕೀನಿ ನೋಡ್ರಿ ಸಾರ್. ಊರಾಗ ಇಷ್ಟು ತೂಕದ್ದು ಯಾರೂ ಹಾಕಿಲ್ಲ" ಎಂದರು.

"ತೂಕ ಕೇಳೋದು ಮ್ಯಾಕಿರೋ ನಿಮ್ಮ ಮಿಷಿನ್ ಚಕ್ರ. ಈ ಕಬ್ಬಿಣಕ್ಕೆ ಬೇಕಿರೋದು ತೂಕ ಅಲ್ಲ, ಎತ್ತರ."

ಮೇಸ್ತ್ರಿಗೆ ಹೇಳಿ ಕಳಿಸಿದರು. ಅವನು ಬಂದು, "ನಿಲ್ಲಿಸಿದ್ರ ಬಂಡೆಗಲ್ಲು ಕೂಡಾಕ ಜಾಗ ಎಲ್ಲೈತ್ರಿ? ಜಾರಿ ತಲಿ ಮ್ಯಾಲ ಬಿದ್ರ?" ಎಂದು ವಾದಿಸಿದ. ಅದೂ ಸುಳ್ಳಲ್ಲ. ಸರ್ ಅದನ್ನು ಒಪ್ಪಿ, ನಿಲ್ಲಿಸಿದ ಚಾನೆಲ್ಲಿನ ತಲೆಯ ಮೇಲೆ ಅಗಲದ ಪಟ್ಟಿ ಬೆಸೆಯಬಹುದು, ನಾನೇ ನಿಂತು ಮಾಡಿಸುತ್ತೇನೆ ಎಂದರು. ಹಾಗೆ ಮಾಡಬೇಕಾದರೆ ಬಂಡೆಗಳನ್ನೆಲ್ಲ ಎತ್ತಬೇಕು, ಮಾಳಿಗೆ ಖಾಲಿಯಾಗಬೇಕು. ಹಬ್ಬದ ಆರ್ಡರ್ ಕುತ್ತಿಗೆಗೆ ಬಂದಿತ್ತು. "ಹಬ್ಬ ಕಳೀಲಿ ನೋಡೂಣು" ಎಂದು ಸಾಹುಕಾರರು ಎದ್ದರು.

ಬೇರೆ ಯಾರಾದರೂ ಆಗಿದ್ದರೆ ಹೇಳಿದ್ದು ಹೇಳಿಯಾಯಿತು ಎಂದು ಪ್ಯಾಂಟು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಗಾದೆಯೇ ಇದೆ. ಸರ್ ದಿನಾ ಬಂದು ಕೇಳಿದರು. ಕಡೆಗೆ ಒಂದು ಬೆಳಿಗ್ಗೆ, ಹೆಂಗಸರು ಕೆಲಸಕ್ಕೆ ಬರುವ ಹೊತ್ತಿಗೆ ಮೆಟ್ಟಿಲಿಗೆ ಅಡ್ಡ ನಿಂತುಬಿಟ್ಟರು.

"ಯಾರೂ ಮ್ಯಾಕೆ ಹತ್ತಬ್ಯಾಡ್ರಮ್ಮ. ದಯಮಾಡಿ ಹತ್ತಬ್ಯಾಡಿ. ಈ ಮಾಳಿಗೆ ನಿಮ್ಮ ಹೊರೆ ತಡೆಯಲ್ಲ."

ಎಲ್ಲರಿಗಿಂತ ಮುಂದಿದ್ದವಳು ಅವ್ವ. ನನ್ನ ಸರ್ ಎಂದು ಅವಳಿಗೆ ಅವರ ಮೇಲೆ ಬೆಟ್ಟದಷ್ಟು ಮರ್ಯಾದೆ ಇತ್ತು. ಅವತ್ತು ಆ ಮರ್ಯಾದೆಯನ್ನು ಬಿಡದೆಯೇ, ಕಡ್ಡಿ ಮುರಿದಂತೆ ಕೇಳಿದಳು. "ಹತ್ತಲಿಲ್ಲಂದ್ರ ಉಣ್ಣಾಕ ಏನು ಮಾಡೂಣ್ರಿ ಸಾರ್? ಬೀಳ್ತೈತೋ ಇಲ್ಲೋ ದೇವರಿಗೆ ಗೊತ್ತು. ಕೆಲಸ ಇಲ್ಲಂದ್ರ ನಾವು ಬೀಳೋದು ಖರೆ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತೀರ್ರಿ?"

ಸರ್ ನನ್ನ ಕಡೆ ನೋಡಿದರು. ಸ್ಕೇಲಿನ ಪಾಠ ಕೇಳಿದವಳು, ದಾರ ಹಿಡಿದವಳು ನಾನು. "ಅವ್ವ, ಸರ್ ಹೇಳೋದು ಖರೆ ಐತಿ, ಹೋಗಬ್ಯಾಡ" ಎಂದು ಅವಳ ಕೈ ಹಿಡಿದೆ. ಅವ್ವ ನನ್ನ ಕೈ ಕೊಡವಿ, ಸರ್ ಪಕ್ಕದಿಂದಲೇ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಉಳಿದವರೂ ಹತ್ತಿದರು. ಸರ್ ಅವರನ್ನು ಮುಟ್ಟಿ ತಡೆಯುವ ಹಾಗಿರಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟರು. ಮೇಲೆ ಮಿಷಿನ್‌ಗಳು ಶುರುವಾದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ… ಸಂಜೆ ಕಡೆಯ ಹೆಂಗಸು ಇಳಿಯುವ ತನಕ ಅವರು ಆ ಕೆಳಗಿನ ಮೆಟ್ಟಿಲಿನ ಮೇಲೇ ಕೂತಿದ್ದರು. ನಾನೂ ಕೂತಿದ್ದೆ. ಅಷ್ಟು ಉದ್ದನೆಯ ಹಗಲನ್ನು ನಾನು ಮತ್ತೆ ಕಂಡಿಲ್ಲ.

ಆ ಸುದ್ದಿ ಊರೆಲ್ಲ ಹಬ್ಬಿತು. ಆರ್ಡರ್ ಕೊಟ್ಟವರ ಕಿವಿಗೂ ಬಿತ್ತು. ಸಾಹುಕಾರರ ಮಾನಕ್ಕೆ ಪೆಟ್ಟಾಯಿತು. ರಿಪೇರಿ ಮಾಡಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದೋ ಏನೋ, ಮಾಳಿಗೆಗೆ ಬೀಗ ಹಾಕಿ, ಮಿಷಿನ್‌ಗಳನ್ನು ಬಳ್ಳಾರಿಗೆ ಸಾಗಿಸಿದರು. "ಬೀಳ್ತದ ಅಂದ್ರಲ್ಲ ನಿಮ್ಮ ಸಾರ್. ಬೀಳ್ಲಿ, ನಾನೂ ನೋಡ್ತೀನಿ" ಎಂದು ನನ್ನೆದುರಿಗೇ ಹೇಳಿದರು. ಮಾಳಿಗೆಯ ಹೆಂಗಸರಿಗೆಲ್ಲ ಕೆಲಸ ಹೋಯಿತು. ಅವ್ವ ಮನೆಯಲ್ಲೇ ಕೂತು ಪ್ಯಾಂಟುಗಳಿಗೆ ಗುಂಡಿ ಹಚ್ಚುವ, ಎಳೆ ದಾರ ಕತ್ತರಿಸುವ ಕೆಲಸ ಹಿಡಿದಳು. ಅವಳ ಬೆರಳ ತುದಿಗಳು ಸದಾ ನೀಲಿಯಾಗಿರುತ್ತಿದ್ದವು. ಸರ್ ಹೆಸರು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ.

ಮಾಳಿಗೆ ಬೀಳಲಿಲ್ಲ. ಆ ವರ್ಷ ಬೀಳಲಿಲ್ಲ, ಮರುವರ್ಷವೂ ಬೀಳಲಿಲ್ಲ. ಮೇಲೆ ಮಿಷಿನ್ ಇಲ್ಲ, ಬಂಡಲ್ ಇಲ್ಲ, ಒಂದು ನರಪಿಳ್ಳೆ ಇಲ್ಲ, ಖಾಲಿ ಮಾಳಿಗೆ ಯಾಕೆ ಬೀಳುತ್ತದೆ ಎಂದು ಕೇಳುವ ಬುದ್ಧಿ ಊರಿನಲ್ಲಿ ಯಾರಿಗೂ ಇರಲಿಲ್ಲ. ನಾನು ಕೇಳಿದರೆ "ನೀನು ಅವರ ಶಿಷ್ಯಳು ಬಿಡವ್ವ" ಅನ್ನುತ್ತಿದ್ದರು. ಸರ್ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಕಟ್ಟೆಯ ಮೇಲಿನವರು "ಸಾರ್, ಬಿತ್ತೇನ್ರಿ?" ಅನ್ನುವರು. ಗಡಿಯ ಊರಾದ್ದರಿಂದ ಕನ್ನಡದಲ್ಲಿ ಕೇಳಿ ಸಾಲದೆ ತೆಲುಗಿನಲ್ಲೂ ಒಮ್ಮೆ, "ಏಂ ಸಾರ್, ಪಡಿಂದಾ?" ಆ ಟೈಲರ್ ಅಂಗಡಿಯ ಚಕ್ರದಂತೆ, ತುಳಿದವರು ಕಾಲು ತೆಗೆದ ಮೇಲೂ ಆ ಮಾತು ತಿರುಗುತ್ತಲೇ ಇತ್ತು. ಪಾಠ ಮಾಡುವಾಗ ಕಿಟಕಿಯ ಹೊರಗಿನಿಂದಲೂ ಕೂಗಿದರು. ಮೊದಮೊದಲು ಸರ್ ನಗುತ್ತಿದ್ದರು. ಆಮೇಲೆ ತಲೆ ತಗ್ಗಿಸಿ ನಡೆಯತೊಡಗಿದರು. ನಮ್ಮ ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಹೊರಟುಹೋದರು. ಹೇಳಿ ಹೋಗಲಿಲ್ಲ.

ಎಷ್ಟೋ ವರ್ಷಗಳ ನಂತರ, ನಾನು ಮಡಕಶಿರಾಕ್ಕೆ ಬಂದ ಮೇಲೆ, ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಅಮರಾಪುರದ ಬಸ್ಸಿಗೆ ಕಾಯುತ್ತಿದ್ದರು. ಹೆಗಲ ಮೇಲೆ ಟವೆಲು, ಕಾಲ ಬಳಿ ಬಿತ್ತನೆ ಕಡಲೆಕಾಯಿಯ ಚೀಲ. ಕಾಲು ಮುಟ್ಟಿ ನಮಸ್ಕಾರ ಮಾಡಿ, ನಾನೀಗ ಇಲ್ಲೇ ಇಂಜಿನಿಯರ್ ಎಂದೆ. ಸಂತೋಷಪಟ್ಟರು. ಅವ್ವ ಹೇಗಿದ್ದಾಳೆ ಎಂದು ಕೇಳಿದರು. ಆಮೇಲೆ ಚೀಲದ ಬಾಯಿಯನ್ನು ಸುಮ್ಮನೆ ಬಿಗಿ ಮಾಡುತ್ತ, ಮುಖ ನೋಡದೆ ಕೇಳಿದರು. "ಆ ಮಾಳಿಗೆ ಐತೇನಮ್ಮ?"

"ಐತಿ ಸರ್."

ಅವರ ಮುಖದಲ್ಲಿ ಅವತ್ತು ಕಂಡದ್ದನ್ನು ಹೇಗೆ ಹೇಳಲಿ… ಸಮಾಧಾನವೂ ಇತ್ತು, ಅದರ ಹಿಂದೆಯೇ ಇನ್ನೇನೋ ಒಂದು ಕುಸಿಯಿತು. "ಒಳ್ಳೇದಾಯ್ತು ಬಿಡು" ಅಂದರು. ಚೀಲದ ದಾರವನ್ನು ಮತ್ತೆ ಬಿಚ್ಚಿ ಕಟ್ಟುತ್ತ, "ನಾನೇ ಲೆಕ್ಕ ತಪ್ಪಿದ್ನೋ ಏನೋ ಕಣಮ್ಮ. ಅಷ್ಟು ಜನ ಹೆಣ್ಮಕ್ಕಳ ಅನ್ನ ಕಿತ್ಕಂಡೆ" ಅಂದರು.

ನೀವು ತಪ್ಪಿಲ್ಲ ಸರ್ ಎಂದು ನಾನು ಜೋರಾಗಿಯೇ ಹೇಳಿದೆ. ಲೆಕ್ಕ ಹಾಕಿ ನೋಡಿದ್ದೇನೆ, ನಿಲ್ಲಿಸಿದ್ದರೆ ತಡೆಯುತ್ತಿದ್ದುದರ ಒಂದು ಸಣ್ಣ ಪಾಲನ್ನಷ್ಟೇ ಮಲಗಿದ ಚಾನೆಲ್ ತಡೆಯುತ್ತದೆ ಎಂದೆ. ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ. ಅವರಿಗೆ ಬೇಕಿದ್ದದ್ದು ಲೆಕ್ಕವೂ ಅಲ್ಲ. ಬೀಳದೇ ಹೋದ ಮಾಳಿಗೆಗೆ ಯಾವ ಲೆಕ್ಕವನ್ನು ತಾನೇ ತೋರಿಸುವುದು? ಬಸ್ಸು ಬಂತು, ಚೀಲ ಹತ್ತಿಸಿಕೊಟ್ಟೆ. ಅವರು ತೀರಿಹೋದದ್ದು ಮರುವರ್ಷ ನನ್ನ ಆಫೀಸಿನಲ್ಲಿ ಅಮರಾಪುರದವರೊಬ್ಬರು ಹೇಳಿ ತಿಳಿಯಿತು. ಆಗಲೇ ಎರಡು ತಿಂಗಳಾಗಿತ್ತಂತೆ. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟೆ.

ಹೋದ ತಿಂಗಳು ಆ ಓಣಿಯಲ್ಲಿ ನಿಂತಾಗ ಇದೆಲ್ಲ ಒಟ್ಟಿಗೆ ಬಂತು. ಬಂಡೆಗಳನ್ನು ಆಗಲೇ ಎತ್ತಿದ್ದರು. ಕೆಲಸದವರು ಚಾನೆಲ್‌ಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಿ ಅಂಗಳದಲ್ಲಿ ಸಾಲಾಗಿ ಹಾಕಿದ್ದರು. ನಾನು ಒಳಗೆ ಹೋದೆ. ಅವ್ವ ಬೈದುಕೊಳ್ಳುತ್ತಲೇ ಹಿಂದೆ ಬಂದಳು.

"ಅವ್ವ, ನಿನ್ನ ಚೀಲದಾಗ ದಾರ ಐತೇನು?"

ಇರದೆ ಏನು. ಈಗಲೂ ಗುಂಡಿ ಹಚ್ಚುತ್ತಾಳೆ. ಕಿತ್ತಳೆ ದಾರದ ಉಂಡೆ ತೆಗೆದುಕೊಟ್ಟಳು. ಗೋಡೆಯ ಪಕ್ಕದ ಚಾನೆಲ್‌ಗಳಿಗೆ ದಾರ ಹಿಡಿದೆವು, ಹೆಚ್ಚುಕಡಿಮೆ ನೆಟ್ಟಗಿದ್ದವು. ನಡುವಿನ ಸಾಲಿನದಕ್ಕೆ ಬಂದೆವು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವ್ವ. ಮೇಲೆ ಬಂಡೆಯಿಲ್ಲ, ಮಿಷಿನ್ ಇಲ್ಲ, ಹೆಂಗಸರಿಲ್ಲ, ನೆಲದ ಮೇಲೆ ಬರೀ ಕಬ್ಬಿಣ. ಆದರೂ ನಡುವೆ ದಾರಕ್ಕೂ ಅದಕ್ಕೂ ಒಂದು ಬೆರಳು ತೂರುವಷ್ಟು ಸಂದಿ.

"ಹೊರಿ ಇಳಿಸಿದ ಮ್ಯಾಲ ಉಳಿದವು ನೆಟ್ಟಗಾಗ್ಯಾವಲ್ಲ, ಇದು ಯಾಕ ಆಗಿಲ್ಲ?" ಎಂದು ಅವ್ವನೇ ಕೇಳಿದಳು.

ನಾನು ಅವಳಿಗೆ ಪಿನ್ನಿನ ಪಾಠ ಹೇಳಿದೆ. ಇದು ತನ್ನ ತಾಳಿಕೆ ದಾಟಿತ್ತು ಎಂದೆ. ಬಿದ್ದೇ ಬೀಳುತ್ತಿತ್ತು ಎಂದು ಇದರಿಂದ ಹೇಳಲು ಬರುವುದಿಲ್ಲ, ಸುಳ್ಳು ಹೇಳಬಾರದು. ಆದರೆ ಹಬ್ಬದ ಬಂಡಲ್‌ಗಳು ಇನ್ನೂ ಪೇರಿಸುವುದಿತ್ತು… ಅವ್ವ ದಾರ ಬಿಡದೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಆ ಕಬ್ಬಿಣದ ಮೇಲೆ ಕೈಯಾಡಿಸಿದಳು. "ನಾನು ಕುಂದುರ್ತಿದ್ದುದು ಇದರ ಮ್ಯಾಲ" ಅಂದಳು.

ಹಿಂದೆ ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು ಸರ್ ಅವರನ್ನು ಕೂಗುತ್ತಿದ್ದವರಲ್ಲಿ ಒಬ್ಬ, ಈಗ ತಲೆ ನರೆತವನು, ಹಳೇ ಕಬ್ಬಿಣ ಕೊಳ್ಳಲು ಬಂದು ಅಲ್ಲೇ ನಿಂತಿದ್ದ. ನಮ್ಮ ಗುರುತು ಹಿಡಿದು ನಕ್ಕ. "ಅಂತೂ ಇವತ್ತು ಬಿತ್ತು ನೋಡವ್ವ ನಿಮ್ಮ ಸಾರ್ ಮಾಳಿಗಿ!"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅವ್ವ ಎದ್ದು ನಿಂತಳು. ಸೀರೆಯ ಧೂಳು ಕೊಡವಿಕೊಂಡು, ಅವನ ಮುಖ ನೋಡಿ, ದನಿ ಏರಿಸದೆ ಹೇಳಿದಳು.

"ಹೌದಪ್ಪ, ಬಿತ್ತು. ಮ್ಯಾಲ ಯಾರೂ ಇದ್ದಿಲ್ಲ."

ಅವ್ವ ದಾರವನ್ನು ಉಂಡೆಗೆ ಸುತ್ತುತ್ತ ಓಣಿಗೆ ಇಳಿದಳು. ಸಂತೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಒಂದು ಮಾತು ಕೇಳಿದಳು, ಸಾರ್ ಮನೆಯವರು ಅಮರಾಪುರದಲ್ಲಿ ಯಾರಾದರೂ ಇದ್ದಾರೇನು, ಹೋಗಿ ಹೇಳಿ ಬರೋಣೇನು ಎಂದು. ಯಾರೂ ಇಲ್ಲ ಅವ್ವ ಎಂದೆ. ಇದ್ದರೂ, ಕೇಳಬೇಕಾಗಿದ್ದವರು ಅವರಲ್ಲ…